ಬಿಲ್ಲೆಯೂ ಕಲ್ಲೂ

ಅಮೆರಿಕಾ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮೂರಿನ ತರುಣನೊಬ್ಬನು ಮೊನ್ನೆ ರಜೆಯ ಮೇಲೆ ಬಂದಿದ್ದವನು ನಮ್ಮ ಕಛೇರಿಗೂ ಬಂದು ಒಂದು ಉಣ್ಣೆಯ ಪಟ್ಟಿಯನ್ನು ಬಿಚ್ಚಿ ತೋರಿಸಿದನು. ಅದರ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಬಣ್ಣದ ಬಿಲ್ಲೆಗಳು ನಲವತ್ತಕ್ಕೆ ಕಡಮೆಯಿಲ್ಲದಂತೆ ಸಾಲುಗಟ್ಟಿದ್ದುವು. ಒಂದರಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆ, ಮತ್ತೊಂದರಲ್ಲಿ ಬೈಸನ್ ಮೃಗ, ಇನ್ನೊಂದರಲ್ಲಿ ಲಿಂಕನ್ ಮಹಾಶಯನ ಸ್ಮಾರಕ. ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಐತಿಹಾಸಿಕ ಸ್ಥಳಗಳಲ್ಲಿಯೂ ಯಾತ್ರಿಕರಿಗೆಂದು ಮಾರುವ ಪಿನ್ನುಗಳಿವು. ಬಳಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು “ಇಷ್ಟೆಲ್ಲ ಓದಿ ಪರದೇಶಕ್ಕೆ ಹೋದದ್ದು ಜವಾನರ ಬಿಲ್ಲೆ ಕೂಡಿಹಾಕುವುದಕ್ಕೇನಪ್ಪಾ?” ಎಂದು ನಕ್ಕರು. ತರುಣನೂ ನಕ್ಕನು. ನಾವು ನಗಲಾರದೆ ಹೋದೆವು. ಕಾರಣವನ್ನು ಮುಂದೆ ಹೇಳುತ್ತೇವೆ.

ಯಾತ್ರೆಗೆ ಹೋದವನು ಬರಿಗೈಯಲ್ಲಿ ಹಿಂದಿರುಗುವುದು ಮನುಷ್ಯಸ್ವಭಾವಕ್ಕೆ ಒಗ್ಗದ ಮಾತು. ನಮ್ಮವರು ಕಾಶಿಯಿಂದ ಬಾಯಿ ಬೆಸೆದ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ತರುತ್ತಾರೆ. ಇಂಗ್ಲೆಂಡಿನಲ್ಲಿ ಬೆಕೆಟ್ ಎಂಬ ಧರ್ಮಗುರುವು 1170ರಲ್ಲಿ ಕ್ಯಾಂಟರ್ಬರಿಯ ದೇವಾಲಯದೊಳಗೇ ಹತನಾದ ಬಳಿಕ ಅಲ್ಲಿಗೆ ಹೋದ ಯಾತ್ರಿಕರು ಸೀಸ ತವರಗಳ ಸಣ್ಣ ಬಿಲ್ಲೆಗಳನ್ನು ಕೊಂಡು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಥೇಮ್ಸ್ ನದಿಯ ಕೆಸರಿನಲ್ಲಿ ಅಂತಹ ಬಿಲ್ಲೆಗಳು ಈಗಲೂ ದೊರೆಯುತ್ತವೆ. ಪುಣ್ಯಕ್ಷೇತ್ರದ ಕಲ್ಲನ್ನೇ ಕೆತ್ತಿಕೊಂಡು ಹೋಗುವ ಭಕ್ತರ ಕೈಯನ್ನು ತಡೆಯುವುದಕ್ಕೂ ಈ ಮಾರಾಟವು ಉಪಾಯವಾಗಿತ್ತೆಂದು ಇತಿಹಾಸಜ್ಞರು ಹೇಳುವುದುಂಟು. ನಮ್ಮ ವಿಷಯವು ಇಲ್ಲಿಯೇ ಇರುವುದು.

ಅಮೆರಿಕಾದವರೇನೂ ಹುಟ್ಟಿನಿಂದ ಸಾಧುಗಳಾಗಿರಲಿಲ್ಲ. 1620ರಲ್ಲಿ ಬಂದ ವಲಸೆಗಾರರು ಕಾಲಿಟ್ಟರೆಂದು ಪ್ರತೀತಿಯುಳ್ಳ ಪ್ಲಿಮತ್ ಬಂಡೆಯನ್ನು ಹತ್ತೊಂಬತ್ತನೆಯ ಶತಮಾನದ ಪ್ರವಾಸಿಗರು ಸುತ್ತಿಗೆಯಿಂದ ಒಡೆದು ಚೂರು ಚೂರಾಗಿ ಮನೆಗೆ ಒಯ್ದರು. 1872ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಯೆಲ್ಲೋಸ್ಟೋನ್‌ನಲ್ಲಿಯೂ ಬುಗ್ಗೆಗಳ ಸುತ್ತಲಿನ ಶಿಲೆಯನ್ನು ಒಡೆಯುವುದು ನಡೆದೇ ಇತ್ತು. 1886ರಲ್ಲಿ ಅದರ ಕಾವಲಿಗೆ ಸೈನ್ಯವನ್ನೇ ಕಳುಹಿಸಬೇಕಾಯಿತು. ಪ್ರಾಚೀನ ವಸ್ತುಗಳ ರಕ್ಷಣೆಗೆ ಕಾನೂನಾದದ್ದು 1906ರಲ್ಲಿ.

ಅದೇ ವರ್ಷ ರಕ್ಷಣೆಗೊಳಗಾದುದು ಅರಿಜೋನಾ ಪ್ರಾಂತದ ಶಿಲಾವೃಕ್ಷಗಳ ವನ. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಉರುಳಿ ಮಣ್ಣಿನಲ್ಲಿ ಹೂತ ಮರಗಳು ಅಲ್ಲಿ ಬಣ್ಣಬಣ್ಣದ ಸ್ಫಟಿಕಶಿಲೆಯಾಗಿ ಮಾರ್ಪಟ್ಟಿವೆ. ಚೂರುಗಳು ಕಾಲಡಿಯಲ್ಲಿ ಬಿದ್ದಿರುತ್ತವೆ. “ಒಂದು ಚೂರಿನಿಂದ ಏನು ಹೋದೀತು?” ಎಂದು ಜೇಬಿಗಿಳಿಸಿದವರು ಎಷ್ಟೋ ಮಂದಿ. ಅವರಲ್ಲಿ ಕೆಲವರು, 1930ರ ದಶಕದಿಂದಲೂ, ಆ ಚೂರುಗಳನ್ನು ಅಂಚೆಯಲ್ಲಿ ಹಿಂದಕ್ಕೆ ಕಳುಹಿಸುತ್ತ ಬಂದಿರುವರು. ಕಲ್ಲು ಮನೆಗೆ ಬಂದಂದಿನಿಂದ ಕೇಡೇ ಕೇಡು, ಕ್ಷಮಿಸಿರೆಂಬ ಕಾಗದವೂ ಜೊತೆಯಲ್ಲಿರುತ್ತದೆ. ಆದರೆ ಅಧಿಕಾರಿಗಳು ಆ ಚೂರನ್ನು ವನದೊಳಗೆ ಮರಳಿ ಇಡುವಂತಿಲ್ಲ. ಎಲ್ಲಿಂದ ಎತ್ತಿದ್ದೆಂಬುದು ತಿಳಿಯದೆ ಎಲ್ಲಿಯೋ ಇಟ್ಟರೆ ಶಾಸ್ತ್ರಜ್ಞರ ಲೆಕ್ಕವೇ ತಪ್ಪುವುದು. ಆದುದರಿಂದ ಹಿಂದಿರುಗಿದ ಕಲ್ಲುಗಳೆಲ್ಲ ನೌಕರರು ಓಡಾಡುವ ದಾರಿಯೊಂದರ ಪಕ್ಕದಲ್ಲಿ ರಾಶಿಯಾಗಿ ಬಿದ್ದಿವೆ. ಅದಕ್ಕೆ ಮನಸ್ಸಾಕ್ಷಿಯ ರಾಶಿ ಎಂದು ಹೆಸರು.

ನಾವು ನಗದೆ ಇದ್ದ ಕಾರಣ ಇದು. ಈ ಲೇಖನಿಯನ್ನು ಹಿಡಿದ ಕೈಯೇ ಮೆಟ್ರಿಕ್ ತರಗತಿಯ ಪ್ರವಾಸದಲ್ಲಿ ಹಂಪಿಯಿಂದ ಹೂವಿನ ಎಸಳು ಕಂಡರಿಸಿದ ಕಲ್ಲಿನ ಚೂರೊಂದನ್ನು ಎತ್ತಿ ತಂದಿತು. ಕೊಳ್ಳೋಣವೆಂದರೆ ಕೈಗೆಟುಕುವ ವಸ್ತು ನಮ್ಮ ಕಣ್ಣಿಗೆ ಬೀಳಲಿಲ್ಲ, ಬರಿಗೈಯಲ್ಲಿ ಬರಲು ಮನಸ್ಸೊಪ್ಪಲಿಲ್ಲ. ಅಂದು ಎರಡು ರೂಪಾಯಿಗೆ ಒಂದು ಬಿಲ್ಲೆ ಸಿಕ್ಕಿದ್ದರೆ ಆ ಕಲ್ಲು ಇದ್ದಲ್ಲಿಯೇ ಇರುತ್ತಿತ್ತೆಂದು ನಮ್ಮ ನಂಬಿಕೆ. ಬಿಲ್ಲೆಯು ಸರ್ವರೋಗಕ್ಕೂ ಮದ್ದೆಂದು ನಾವು ಹೇಳುವುದಿಲ್ಲ. ಅರಿಜೋನಾದ ರಾಶಿಯೇ ಅದಕ್ಕೆ ಉತ್ತರ.

ಬಿಲ್ಲೆಗೂ ಒಂದು ಮರ್ಯಾದೆ ಇರಬೇಕು. ಇಂದು ಅಂತರಜಾಲದಲ್ಲಿ ಹಣ ಕಟ್ಟಿದರೆ ಕಾಣದ ಊರಿನ ಪಿನ್ನೂ ಮನೆಬಾಗಿಲಿಗೆ ಬರುತ್ತದೆ. ಹೋಗದೆ ತಂದ ಬಿಲ್ಲೆಯು ಮೀಯದೆ ಹಚ್ಚಿದ ನಾಮದಂತೆ. ಅದನ್ನು ಮಾಡಿದವರು ಯಾರೆಂಬ ಪ್ರಶ್ನೆಯೂ ಉಂಟು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಇತಿಹಾಸ ಸಂಗ್ರಹಾಲಯದ ಅಂಗಡಿಯಲ್ಲಿ ತಮ್ಮ ಅಧ್ಯಕ್ಷರ ಪ್ರತಿಮೆಗಳೇ ಚೀನಾದಿಂದ ಬಂದವೆಂದು ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರು 2011ರಲ್ಲಿ ಆಕ್ಷೇಪವೆತ್ತಿದರು. ಆಕ್ಷೇಪವು ನ್ಯಾಯವಾದುದೇ. ಆ ದೇಶದಲ್ಲಿ ಇದಕ್ಕಿಂತ ಮೇಲಾದ ಎರಡು ಪದ್ಧತಿಗಳಿವೆ. ಒಂದು, 1986ರಲ್ಲಿ ಆರಂಭವಾದ ಉದ್ಯಾನಗಳ ‘ಪಾಸ್‌ಪೋರ್ಟು’ ಪುಸ್ತಕ. ನಾಲ್ಕುನೂರಕ್ಕೂ ಮೀರಿದ ಸ್ಥಳಗಳಲ್ಲಿ ಊರಿನ ಹೆಸರೂ ಅಂದಿನ ತಾರೀಖೂ ಉಳ್ಳ ಮುದ್ರೆಯನ್ನು ಅದರಲ್ಲಿ ಒತ್ತಿಕೊಳ್ಳಬಹುದು. ಮುದ್ರೆಗೆ ಹಣವಿಲ್ಲ. ಇನ್ನೊಂದು, ಮಕ್ಕಳು ಆ ಸ್ಥಳದ ವಿಷಯವಾಗಿ ಪ್ರಶ್ನೆಗಳಿಗೆ ಉತ್ತರ ಬರೆದು, ಅದನ್ನು ಕಾಪಾಡುವೆವೆಂದು ಪ್ರಮಾಣ ಮಾಡಿ ಗಳಿಸುವ ‘ಜೂನಿಯರ್ ರೇಂಜರ್’ ಬಿಲ್ಲೆ. ನಮ್ಮ ತರುಣನ ಪಟ್ಟಿಯಲ್ಲಿ ಅವನ ಮಗಳು ಗಳಿಸಿದ ಅಂತಹ ಬಿಲ್ಲೆಯೂ ಒಂದಿತ್ತು. ಉಳಿದ ನಲವತ್ತಕ್ಕಿಂತ ನಮಗೆ ಅದೇ ಹಿಡಿಸಿತು.

ನಮ್ಮಲ್ಲಿ ದಂಡಕ್ಕೆ ಕೊರತೆಯಿಲ್ಲ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವನಿಗೆ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದು. 2019ರಲ್ಲಿ ಹಂಪಿಯಲ್ಲಿ ಕಂಬವನ್ನು ಉರುಳಿಸಿದ ಯುವಕರಿಗೆ ನ್ಯಾಯಾಲಯವು ದಂಡ ವಿಧಿಸಿ ಅವರಿಂದಲೇ ಅದನ್ನು ಎತ್ತಿ ನಿಲ್ಲಿಸಿತು. ದಂಡದ ಜೊತೆಗೆ ಮಕ್ಕಳ ಕೈಗೆ ಏನಾದರೂ ಒಂದನ್ನು ಕೊಡುವುದೂ ಆಗಬೇಕು. ಹಂಪಿ, ಪಟ್ಟದಕಲ್ಲು, ಮತ್ತು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳಲ್ಲಿ ತಾರೀಖಿನ ಮುದ್ರೆಯೊಂದನ್ನೂ, ಆಯಾ ಸ್ಥಳದಲ್ಲಿ ಮಾತ್ರ ದೊರೆಯುವ ಬಿಲ್ಲೆಯೊಂದನ್ನೂ ಇಡುವುದು ಸರಕಾರಕ್ಕೆ ಭಾರವಾಗಲಾರದು. ಲೋಹದಲ್ಲಿ ಬೆಳ್ಳಿಯನ್ನು ಕೂರಿಸುವ ಬೀದರಿನ ಕೈಗಳಿರುವಾಗ ಬಿಲ್ಲೆಯನ್ನು ಹಡಗಿನಲ್ಲಿ ತರಿಸಬೇಕಾದ ಅಗತ್ಯವೂ ಇಲ್ಲ. ಪ್ರಶ್ನೆ ಕೇಳಿ ಬಿಲ್ಲೆ ಕೊಡುವ ಕೆಲಸವನ್ನು ಉಪಾಧ್ಯಾಯರು ಸಂತೋಷದಿಂದ ಮಾಡುವರೆಂದು ನಮಗೆ ಭರವಸೆಯಿದೆ.

ನಮ್ಮ ಆ ಚೂರು ಇಷ್ಟು ವರ್ಷವೂ ಮೇಜಿನ ಮೇಲೆ ಕಾಗದಗಳು ಹಾರದಂತೆ ಕುಳಿತಿತ್ತು. ಮುಂದಿನ ತಿಂಗಳು ಅದನ್ನು ಕಮಲಾಪುರದ ಪುರಾತತ್ತ್ವ ಸಂಗ್ರಹಾಲಯಕ್ಕೆ ಒಯ್ದು ಒಪ್ಪಿಸುವವರಿದ್ದೇವೆ. ಯಾವ ಮಂಟಪದ್ದು, ಯಾವ ಕಂಬದ್ದು ಎಂದು ಅಲ್ಲಿಯವರು ಕೇಳಿಯೇ ಕೇಳುವರು. ನಮಗೆ ನೆನಪಿಲ್ಲ.