ಹಗುರ ಬಾಕ್ಸರ್‌ಗಳಿಗೆ ಅಪಾಯವೂ ಹಗುರವೇ? ಮ್ಯಾನಿ ಪಕಿಯಾವೊ ಮತ್ತು ತಕ್ಕಡಿಯ ಲೆಕ್ಕ

ಬಾಕ್ಸಿಂಗ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮೊಹಮ್ಮದ್ ಅಲಿ, ಮೈಕ್ ಟೈಸನ್ ಅವರಂತಹ ದೈತ್ಯರು. ಐವತ್ತು ಕೆ.ಜಿ. ಆಸುಪಾಸಿನ ಬಾಕ್ಸರ್‌ಗಳ ಮಾತು ಬಂದರೆ, "ಅವರ ಏಟಿನಿಂದ ಏನು ತಾನೇ ಆದೀತು?" ಎನ್ನುವವರೇ ಜಾಸ್ತಿ. ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಇದೆ: ತೂಕ ನೋಡಿಯೇ ಜೋಡಿ ಮಾಡುವುದರಿಂದ ರಿಂಗ್‌ನಲ್ಲಿ ನಿಂತ ಇಬ್ಬರೂ ಸಮತೂಕದವರು ಎಂಬುದು. ಎರಡೂ ಪೂರ್ತಿ ನಿಜವಲ್ಲ. ಯಾಕೆ ಎಂದು ತಿಳಿಯಲು ಫಿಲಿಪ್ಪೀನ್ಸ್‌ನ ಮ್ಯಾನಿ ಪಕಿಯಾವೊ ಅವರ ವೃತ್ತಿಜೀವನವನ್ನು ಹಿಡಿದು ಹೊರಡೋಣ.

1995ರ ಜನವರಿಯಲ್ಲಿ ಪಕಿಯಾವೊ ವೃತ್ತಿಪರ ಬಾಕ್ಸಿಂಗ್‌ಗೆ ಇಳಿದಾಗ ಅವರಿಗೆ 16 ವರ್ಷ. ಆಗಿನ ತೂಕ, ಅವರೇ ಹೇಳಿಕೊಂಡಂತೆ, 98 ಪೌಂಡ್. ಅಂದರೆ ಸುಮಾರು 44.5 ಕೆ.ಜಿ. ಪಂದ್ಯಕ್ಕೆ ಬೇಕಾಗಿದ್ದದ್ದು 105 ಪೌಂಡ್. ಹುಡುಗ ಜೇಬಿನೊಳಗೆ ಭಾರದ ವಸ್ತುಗಳನ್ನು ತುಂಬಿಕೊಂಡು ತಕ್ಕಡಿ ಹತ್ತಿದ. ತೂಕ ಸರಿಹೋಯಿತು. ಕೇಳಿದರೆ ನಗು ಬರುತ್ತದೆ. ಆದರೆ ತಕ್ಕಡಿ ತೋರಿಸುವ ಅಂಕಿಗೂ ರಿಂಗ್‌ಗೆ ಬರುವ ದೇಹಕ್ಕೂ ಸಂಬಂಧ ಎಷ್ಟು ಸಡಿಲ ಎಂಬುದು ಅಲ್ಲೇ ಕಾಣುತ್ತದೆ. ಹೆಚ್ಚಿನ ಬಾಕ್ಸರ್‌ಗಳು ಮಾಡುವುದು ಇದರ ಉಲ್ಟಾ. ಜೇಬಿಗೆ ಭಾರ ತುಂಬುವ ಬದಲು ಅವರು ದೇಹದಿಂದ ನೀರು ತೆಗೆಯುತ್ತಾರೆ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಂಪ್ರದಾಯಿಕವಾಗಿ 17 ತೂಕ ವಿಭಾಗಗಳಿವೆ. ಅತಿ ಕೆಳಗಿನದು 105 ಪೌಂಡ್ (47.6 ಕೆ.ಜಿ.). ಅದರ ಮೇಲೆ 108, 112, 115, 118, 122, 126, 130, 135 ಹೀಗೆ ಮೂರು–ನಾಲ್ಕು, ಕೆಲವೆಡೆ ಐದು ಪೌಂಡ್ ಅಂತರದಲ್ಲಿ ಮೆಟ್ಟಿಲುಗಳು. 112 ಪೌಂಡ್‌ನದು ಫ್ಲೈವೇಟ್, 126 ಫೆದರ್‌ವೇಟ್, 135 ಲೈಟ್‌ವೇಟ್, 147 ವೆಲ್ಟರ್‌ವೇಟ್. ಕೆಳಗಿನ ಮೆಟ್ಟಿಲುಗಳ ನಡುವಿನ ಅಂತರ ಒಂದೂವರೆ ಕೆ.ಜಿ.ಯಷ್ಟೇ. ಒಬ್ಬ ಮನುಷ್ಯ ಬಿಸಿಲಲ್ಲಿ ಒಂದೆರಡು ಗಂಟೆ ಜೋರಾಗಿ ಓಡಿದರೆ ಬೆವರಿನಲ್ಲೇ ಅಷ್ಟು ತೂಕ ಹೋಗಬಹುದು. ಹಾಗಾಗಿ "ಇನ್ನೊಂದು ಮೆಟ್ಟಿಲು ಕೆಳಗೆ ಆಡಿದರೆ ನನಗಿಂತ ಚಿಕ್ಕವನು ಸಿಗುತ್ತಾನೆ" ಎಂಬ ಆಸೆ ಎಲ್ಲರಿಗೂ. ತೊಂದರೆ ಏನೆಂದರೆ, ಎದುರಾಳಿಯೂ ಅದೇ ಲೆಕ್ಕ ಹಾಕಿರುತ್ತಾನೆ.

ಪಕಿಯಾವೊ 1998ರ ಡಿಸೆಂಬರ್‌ನಲ್ಲಿ ಥಾಯ್ಲೆಂಡ್‌ನ ಚಾಚೈ ಸಾಸಕುಲ್ ಅವರನ್ನು ಎಂಟನೇ ಸುತ್ತಿನಲ್ಲಿ ನಾಕೌಟ್ ಮಾಡಿ ಡಬ್ಲ್ಯುಬಿಸಿ ಫ್ಲೈವೇಟ್ ಪಟ್ಟ ಗೆದ್ದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬೆಳೆಯುವ ವಯಸ್ಸು, ದೇಹ 112 ಪೌಂಡ್‌ಗೆ ನಿಲ್ಲಲು ಒಪ್ಪುತ್ತಿರಲಿಲ್ಲ. 1999ರ ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡ್‌ನಲ್ಲೇ ಮೆಡ್ಗೊನ್ ಸಿಂಗ್‌ಸುರತ್ ವಿರುದ್ಧದ ಪಂದ್ಯಕ್ಕೆ ಅವರು ತಕ್ಕಡಿ ಹತ್ತಿದಾಗ ಮುಳ್ಳು ನಿಂತದ್ದು 113ರಲ್ಲಿ. ಒಂದೇ ಪೌಂಡ್, ಅರ್ಧ ಕೆ.ಜಿ.ಗಿಂತಲೂ ಕಡಿಮೆ. ಪಟ್ಟ ತಕ್ಕಡಿಯ ಮೇಲೆಯೇ ಹೋಯಿತು. ಪಂದ್ಯವೂ ಮೂರನೇ ಸುತ್ತಿನಲ್ಲೇ ಮುಗಿಯಿತು. ಹೊಟ್ಟೆಯ ಭಾಗಕ್ಕೆ ಬಿದ್ದ ಏಟಿಗೆ ಪಕಿಯಾವೊ ಕುಸಿದರು. ಆ ಸೋಲಿಗೆ ತೂಕ ಇಳಿಸಿದ್ದೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಇಳಿಸಿ ಇಳಿಸಿ ಸೊರಗಿದ ದೇಹ ಏಟು ತಡೆಯುವುದರಲ್ಲೂ ಹಿಂದೆ ಬೀಳುತ್ತದೆ ಎಂಬುದನ್ನು ತರಬೇತುದಾರರು ಚೆನ್ನಾಗಿ ಬಲ್ಲರು.

ಕೊನೆಯ ವಾರದಲ್ಲಿ ತೂಕ ಇಳಿಸುವುದು ಎಂದರೆ ನಿಜವಾಗಿ ಏನು? ಮೊದಲು ಅನ್ನ, ಬ್ರೆಡ್‌ನಂತಹ ಪಿಷ್ಟದ ಆಹಾರ ನಿಲ್ಲಿಸುತ್ತಾರೆ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರತಿ ಗ್ರಾಂ ಗ್ಲೈಕೋಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಕೂತಿರುತ್ತದೆ. ದಾಸ್ತಾನು ಕರಗಿದರೆ ಆ ನೀರೂ ಹೋಗುತ್ತದೆ. ಆಮೇಲೆ ಉಪ್ಪು ಬಿಡುತ್ತಾರೆ, ಕುಡಿಯುವ ನೀರು ನಿಲ್ಲಿಸುತ್ತಾರೆ, ಪ್ಲಾಸ್ಟಿಕ್ ಸೂಟ್ ತೊಟ್ಟು ಓಡುತ್ತಾರೆ, ಬಿಸಿನೀರಿನ ತೊಟ್ಟಿಯಲ್ಲಿ ಅಥವಾ ಸೌನಾದಲ್ಲಿ ಕೂರುತ್ತಾರೆ. ಬಾಯಿ ಒಣಗಿದರೂ ಅಗಿದಗಿದು ಉಗುಳುವವರಿದ್ದಾರೆ. ಒಂದು ಲೀಟರ್ ನೀರು ಒಂದು ಕೆ.ಜಿ. ತಕ್ಕಡಿಗೆ ಅದು ಕೊಬ್ಬೋ ನೀರೋ ಗೊತ್ತಾಗುವುದಿಲ್ಲ.

ಇಲ್ಲೊಂದು ಮಾತು. ಪಾರ್ಕ್‌ಗಳಲ್ಲಿ ಸೊಂಟಕ್ಕೆ ಬೆವರಿನ ಬೆಲ್ಟ್ ಬಿಗಿದುಕೊಂಡು ನಡೆಯುವವರನ್ನು ನೀವೂ ನೋಡಿರುತ್ತೀರಿ. "ಬೆವರು ಬಂದಷ್ಟೂ ಕೊಬ್ಬು ಕರಗುತ್ತದೆ" ಎಂಬ ನಂಬಿಕೆ ಅದರ ಹಿಂದೆ. ಬೆವರು ದೇಹ ತಂಪಾಗಲು ಹೊರಹಾಕುವ ನೀರು ಮತ್ತು ಉಪ್ಪು, ಅಷ್ಟೇ. ಮನೆಗೆ ಬಂದು ಎರಡು ಲೋಟ ಮಜ್ಜಿಗೆ ಕುಡಿದರೆ ಆ ತೂಕ ವಾಪಸ್ಸು. ಬಾಕ್ಸರ್‌ಗಳಿಗೆ ಇದು ಗೊತ್ತು. ಅವರಿಗೆ ಬೇಕಾದದ್ದೂ ವಾಪಸ್ಸು ಬರುವ ತೂಕವೇ.

ಆದರೆ ಆ ನೀರು ಹೋಗುವುದು ದೇಹದ ಯಾವುದೋ ಖಾಲಿ ಟ್ಯಾಂಕಿನಿಂದಲ್ಲ. ರಕ್ತದ ದ್ರವಭಾಗ ಕಡಿಮೆಯಾಗುತ್ತದೆ. ಅಷ್ಟೇ ಕೆಲಸಕ್ಕೆ ಹೃದಯ ಹೆಚ್ಚು ಸಲ ಬಡಿಯಬೇಕು. ಚರ್ಮಕ್ಕೆ ರಕ್ತ ಸಾಲದೆ ಮೈಬಿಸಿ ಇಳಿಯುವುದಿಲ್ಲ. ಮೂತ್ರಪಿಂಡಗಳಿಗೆ ಒತ್ತಡ. ದೇಹತೂಕದ ಶೇ 2ರಷ್ಟು ನೀರು ಹೋದರೇ ದಮ್ಮು ಕುಂದಲು ಶುರುವಾಗುತ್ತದೆ. 58 ಕೆ.ಜಿ.ಯ ಹುಡುಗ ನಾಲ್ಕು ಕೆ.ಜಿ. ನೀರು ಇಳಿಸಿದರೆ ಅದು ಶೇ 7ಕ್ಕೆ ಹತ್ತಿರ. ದೊಡ್ಡ ದೇಹದವರಿಗೆ ನಾಲ್ಕು ಕೆ.ಜಿ. ಸಣ್ಣ ಪಾಲು, ಇವನಿಗೆ ದೊಡ್ಡ ಪಾಲು. ಹಗುರ ವಿಭಾಗಗಳಲ್ಲಿ ಈ ಆಟ ಹೆಚ್ಚು ದುಬಾರಿಯಾಗಲು ಇದೂ ಒಂದು ಕಾರಣ.

"ತೂಕ ನೋಡಿದ ಮೇಲೆ ಒಂದು ದಿನ ಇರುತ್ತದಲ್ಲ, ಕುಡಿದರೆ ಎಲ್ಲ ಸರಿಹೋಗುತ್ತದೆ" ಎನ್ನಬಹುದು. ತೂಕ ಬೇಗ ಹಿಂತಿರುಗುತ್ತದೆ, ನಿಜ. ಆದರೆ ಕುಡಿದ ನೀರು ಜೀವಕೋಶಗಳ ಒಳಗೂ ಹೊರಗೂ ಮೊದಲಿನ ಹದಕ್ಕೆ ಹಂಚಿಕೆಯಾಗಲು, ಗ್ಲೈಕೋಜೆನ್ ಮತ್ತೆ ತುಂಬಲು ಸಮಯ ಬೇಕು. ತೀವ್ರವಾಗಿ ಒಣಗಿಸಿದ ದೇಹಕ್ಕೆ ಒಂದು ದಿನ ಸಾಲದೇ ಹೋಗಬಹುದು. ನಮ್ಮಲ್ಲಿ ಸುಸ್ತಾದರೆ ಕ್ಲಿನಿಕ್‌ಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಳ್ಳುವ ಅಭ್ಯಾಸವಿದೆ. ಬಾಕ್ಸರ್‌ಗಳೂ ಇದೇ ದಾರಿ ಹಿಡಿದಿದ್ದರು. ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಯಮದಂತೆ, ಆಸ್ಪತ್ರೆಯ ಚಿಕಿತ್ಸೆಯಂತಹ ಕಾರಣಗಳನ್ನು ಬಿಟ್ಟರೆ 12 ಗಂಟೆಗೆ 100 ಮಿ.ಲೀ.ಗಿಂತ ಹೆಚ್ಚು ಡ್ರಿಪ್ ಈಗ ನಿಷಿದ್ಧ. ರಕ್ತ ತೆಳುವಾಗಿಸಿ ಮದ್ದಿನ ಗುರುತು ಮರೆಮಾಚಬಹುದು ಎಂಬುದು ಇದಕ್ಕೆ ಮುಖ್ಯ ಕಾರಣ.

1999ರ ಸೋಲಿನ ಬಳಿಕ ಪಕಿಯಾವೊ 115 ಮತ್ತು 118 ಪೌಂಡ್‌ನ ಎರಡು ಮೆಟ್ಟಿಲುಗಳನ್ನು ದಾಟಿ ನೇರ 122 ಪೌಂಡ್‌ಗೆ ಏರಿದರು. 2001ರಲ್ಲಿ ಲೆಹ್ಲೊಹೊನೊಲೊ ಲೆಡ್ವಾಬಾ ಅವರನ್ನು ಸೋಲಿಸಿ ಆ ವಿಭಾಗದ ಪಟ್ಟ ಗೆದ್ದರು. ಅಲ್ಲಿಂದ ಮುಂದೆ ಅವರ ದಾರಿ ಬೇರೆಯವರಿಗಿಂತ ಬೇರೆ. ಉಳಿದವರು ಹಸಿದುಕೊಂಡು ಕೆಳಗಿನ ಮೆಟ್ಟಿಲಲ್ಲಿ ನಿಲ್ಲುತ್ತಿದ್ದರೆ, ಇವರು ತಿನ್ನುತ್ತ ಮೇಲೇರಿದರು. ತೂಕ ಉಳಿಸಿಕೊಳ್ಳಲು ದಿನಕ್ಕೆ ಹಲವು ಬಾರಿ ಉಣ್ಣಬೇಕಾಗುತ್ತಿತ್ತು.

2008ರ ಡಿಸೆಂಬರ್‌ನಲ್ಲಿ ಆಸ್ಕರ್ ಡೆ ಲಾ ಹೋಯಾ ಜೊತೆಗಿನ ಪಂದ್ಯ ನಿಗದಿಯಾದಾಗ ಬಹಳ ಮಂದಿ ಬೈದರು. ಡೆ ಲಾ ಹೋಯಾ ಎತ್ತರದ ಆಳು, 154 ಪೌಂಡ್‌ನಲ್ಲಿ ಆಡುತ್ತಿದ್ದವರು. ಪಕಿಯಾವೊ ಆ ವರ್ಷವಷ್ಟೇ ಮೊದಲ ಸಲ 135ಕ್ಕೆ ಬಂದಿದ್ದರು. ಪಂದ್ಯದ ಮಿತಿ 147. ಹಿಂದಿನ ದಿನ ತಕ್ಕಡಿಯಲ್ಲಿ ಡೆ ಲಾ ಹೋಯಾ 145, ಪಕಿಯಾವೊ 142. ಪಂದ್ಯದ ರಾತ್ರಿಯ ಅನಧಿಕೃತ ತೂಕದಲ್ಲಿ ಡೆ ಲಾ ಹೋಯಾ 147, ಪಕಿಯಾವೊ 148.5. "ಚಿಕ್ಕವ"ನೇ ಭಾರವಾಗಿದ್ದ! ವರ್ಷಗಳ ನಂತರ ಆ ಮಿತಿಗೆ ಇಳಿದಿದ್ದ ಡೆ ಲಾ ಹೋಯಾ ಅವರ ದೇಹ ನೀರನ್ನು ಮತ್ತೆ ಹಿಡಿದಿಡಲಿಲ್ಲ. ಎಂಟನೇ ಸುತ್ತಿನ ಬಳಿಕ ಅವರು ಸ್ಟೂಲಿನಿಂದ ಏಳಲಿಲ್ಲ. ಅದೇ ಅವರ ಕೊನೆಯ ಪಂದ್ಯ.

ಉಲ್ಟಾ ಉದಾಹರಣೆಯೂ ಇದೆ. 2010ರ ನವೆಂಬರ್‌ನಲ್ಲಿ ಆಂಟೋನಿಯೊ ಮಾರ್ಗರಿಟೊ ತಕ್ಕಡಿಯಲ್ಲಿ 150 ಪೌಂಡ್ ಇದ್ದವರು ರಿಂಗ್‌ಗೆ ಬರುವಾಗ 165. ಪಕಿಯಾವೊ 148. ಹದಿನೇಳು ಪೌಂಡ್ ಅಂತರ ಎಂದರೆ ಸುಮಾರು ಎಂಟು ಕೆ.ಜಿ. ಕಾಗದದ ಮೇಲೆ ಒಂದೇ ವಿಭಾಗದ ಪಂದ್ಯ, ಸಮತೂಕ ಎಲ್ಲಿಂದ ಬಂತು? ಆ ರಾತ್ರಿ ಗೆದ್ದದ್ದು ಹಗುರದವರೇ. ಲೆಕ್ಕ ಇಟ್ಟವರ ಪ್ರಕಾರ ಪಕಿಯಾವೊ 474 ಹೊಡೆತ ಮುಟ್ಟಿಸಿದರು. ಮಾರ್ಗರಿಟೊ ಅವರ ಕಣ್ಣುಗೂಡಿನ ಮೂಳೆ ಮುರಿಯಿತು, ಶಸ್ತ್ರಚಿಕಿತ್ಸೆ ಬೇಕಾಯಿತು. ಆ ಗೆಲುವಿನೊಂದಿಗೆ ಪಕಿಯಾವೊ ಎಂಟು ತೂಕ ವಿಭಾಗಗಳಲ್ಲಿ ವಿಶ್ವ ಪಟ್ಟ ಗೆದ್ದ ಏಕೈಕ ಬಾಕ್ಸರ್ ಆದರು.

474 ಎಂಬ ಆ ಸಂಖ್ಯೆಯಲ್ಲೇ ಮೊದಲ ನಂಬಿಕೆಗೆ ಉತ್ತರವಿದೆ. ಭಾರೀ ತೂಕದವರ ಒಂದೇ ಏಟಿಗೆ ಪಂದ್ಯ ಮುಗಿಯುವುದುಂಟು. ಹಗುರ ವಿಭಾಗಗಳಲ್ಲಿ ಸಾಮಾನ್ಯವಾಗಿ ಪಂದ್ಯ ಉದ್ದ, ವೇಗ ಹೆಚ್ಚು, ತಲೆಗೆ ಬೀಳುವ ಏಟುಗಳ ಎಣಿಕೆಯೂ ಹೆಚ್ಚು. ವೇಲ್ಸ್‌ನ ಜಾನಿ ಓವನ್ ಬ್ಯಾಂಟಮ್‌ವೇಟ್, ಅಂದರೆ 118 ಪೌಂಡ್‌ನ ಕಡ್ಡಿಯಂತಹ ಹುಡುಗ. 1980ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೂಪೆ ಪಿಂಟೊರ್ ಎದುರು 12ನೇ ಸುತ್ತಿನಲ್ಲಿ ಬಿದ್ದವರು ಮತ್ತೆ ಕಣ್ಣು ತೆರೆಯಲಿಲ್ಲ; ನವೆಂಬರ್‌ನಲ್ಲಿ ತೀರಿಕೊಂಡರು. 1982ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ದುಕ್–ಕು ಲೈಟ್‌ವೇಟ್ ಪಟ್ಟಕ್ಕಾಗಿ ರೇ ಮ್ಯಾನ್ಸಿನಿ ಜೊತೆ 14ನೇ ಸುತ್ತಿನವರೆಗೆ ಹೋರಾಡಿ ಕುಸಿದರು, ಕೆಲವೇ ದಿನಗಳಲ್ಲಿ ಪ್ರಾಣ ಬಿಟ್ಟರು. 135ಕ್ಕೆ ಇಳಿಯಲು ಅವರು ಬಹಳ ಕಷ್ಟಪಟ್ಟಿದ್ದರೆಂದು ವರದಿಯಾಗಿತ್ತು. ಆ ಸಾವಿನ ಬಳಿಕವೇ ಪಟ್ಟದ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿದದ್ದು. 2025ರ ಆಗಸ್ಟ್ 2ರಂದು ಟೋಕಿಯೊದ ಕೊರಾಕುಎನ್ ಹಾಲ್‌ನಲ್ಲಿ ಒಂದೇ ದಿನ ಆಡಿದ ಶಿಗೆತೋಶಿ ಕೊತಾರಿ (130 ಪೌಂಡ್ ವಿಭಾಗ) ಮತ್ತು ಹಿರೊಮಾಸಾ ಉರಾಕಾವಾ (135) ಇಬ್ಬರೂ ಮಿದುಳಿನ ಗಾಯದಿಂದ ಅದೇ ವಾರ ತೀರಿಕೊಂಡರು. ಇಬ್ಬರಿಗೂ 28 ವರ್ಷ.

ಬಾಕ್ಸಿಂಗ್ ಸಾವುಗಳಲ್ಲಿ ಹೆಚ್ಚಿನವು ಮಿದುಳಿನ ಹೊರಪದರದ ಕೆಳಗಿನ ರಕ್ತಸ್ರಾವದಿಂದ ಆಗುವಂಥವು. ಮಿದುಳಿನ ಮೇಲ್ಮೈಯಿಂದ ಹೊರಪದರದ ಕಡೆಗೆ ಸಣ್ಣ ರಕ್ತನಾಳಗಳು ಸೇತುವೆಯಂತೆ ಹಾದುಹೋಗುತ್ತವೆ. ಏಟಿಗೆ ತಲೆ ಗಿರಕ್ಕನೆ ತಿರುಗಿದಾಗ ತಲೆಬುರುಡೆ ಮೊದಲು ತಿರುಗುತ್ತದೆ, ಮಿದುಳು ಕ್ಷಣ ತಡವಾಗಿ. ಆ ಎಳೆತಕ್ಕೆ ನಾಳ ಹರಿಯಬಹುದು. ದೇಹ ಒಣಗಿದ್ದಾಗ ಈ ಅಪಾಯ ಇನ್ನೂ ಹೆಚ್ಚೇ ಎಂಬುದು ವೈದ್ಯರ ಬಲವಾದ ಅನುಮಾನ. ಮನುಷ್ಯರ ಮೇಲೆ ಅದನ್ನು ಪರೀಕ್ಷಿಸಿ ನೋಡುವಂತಿಲ್ಲವಾದ್ದರಿಂದ ಕೊನೆಯ ಮಾತು ಇನ್ನೂ ಹೇಳಿಲ್ಲ. ಸುಸ್ತಾದ, ಪ್ರತಿಕ್ರಿಯೆ ನಿಧಾನವಾದ ಬಾಕ್ಸರ್ ತಪ್ಪಿಸಿಕೊಳ್ಳಬಹುದಾಗಿದ್ದ ಏಟುಗಳನ್ನೂ ತಿನ್ನುತ್ತಾನೆ ಎನ್ನಲು ಮಾತ್ರ ಪರೀಕ್ಷೆ ಬೇಕಿಲ್ಲ.

ನಿಯಮ ಮಾಡುವವರೂ ಸುಮ್ಮನೆ ಕೂತಿಲ್ಲ, ಆದರೆ ಪ್ರತಿ ಪರಿಹಾರವೂ ಹೊಸ ಸಮಸ್ಯೆ ತಂದಿದೆ. ಮೊದಲು ಪಂದ್ಯದ ದಿನವೇ ತೂಕ ನೋಡುತ್ತಿದ್ದರು. ಒಣಗಿದ ದೇಹದಲ್ಲೇ ಆಡುವುದು ಅಪಾಯ ಎಂದು 1980ರ ದಶಕದಲ್ಲಿ ಹಿಂದಿನ ದಿನಕ್ಕೆ ಬದಲಾಯಿಸಿದರು. ಚೇತರಿಕೆಗೆ ಸಮಯ ಸಿಕ್ಕಿದ್ದೇ ತಡ, ಇನ್ನೂ ಹೆಚ್ಚು ಇಳಿಸುವ ಧೈರ್ಯ ಬಂತು. ಪಟ್ಟದ ಪಂದ್ಯಗಳಿಗೆ ಐಬಿಎಫ್ ಮರುದಿನ ಬೆಳಿಗ್ಗೆ ಎರಡನೇ ಸಲ ತೂಗಿ, ಮಿತಿಗಿಂತ ಹತ್ತು ಪೌಂಡ್ ದಾಟಬಾರದು ಎಂಬ ನಿಯಮ ತಂದಿತ್ತು. ಡಬ್ಲ್ಯುಬಿಸಿ 30 ಮತ್ತು 7 ದಿನ ಮೊದಲೇ ತೂಗುತ್ತದೆ. ಜಪಾನಿನ ಸಾವುಗಳ ನಂತರ ಏಷ್ಯಾದ ಒಪಿಬಿಎಫ್ ತನ್ನ ಪಟ್ಟದ ಪಂದ್ಯಗಳನ್ನು 12ರಿಂದ 10 ಸುತ್ತಿಗೆ ಇಳಿಸಿತು. ನಮಗೆ ಹೆಚ್ಚು ಸರಿ ಎನಿಸುವುದು ಏಷ್ಯಾದ ಒನ್ ಚಾಂಪಿಯನ್‌ಶಿಪ್ ಎಂಬ ಮಿಶ್ರ ಸಮರಕಲೆ ಸಂಸ್ಥೆ ಹಿಡಿದ ದಾರಿ. 2015ರಲ್ಲಿ ಅಲ್ಲಿನ ಯಾಂಗ್ ಜಿಯಾನ್ ಬಿಂಗ್ ಎಂಬ ಫ್ಲೈವೇಟ್ ಸ್ಪರ್ಧಿ ತೂಕ ಇಳಿಸುವಾಗಲೇ ಸತ್ತ ಮೇಲೆ, ತೂಕದ ಜೊತೆ ಮೂತ್ರದ ಸಾಂದ್ರತೆಯನ್ನೂ ನೋಡತೊಡಗಿದರು. ನೀರು ಬಿಟ್ಟು ಬಂದವನು ತಕ್ಕಡಿ ದಾಟಿದರೂ ಅಲ್ಲಿ ಸಿಕ್ಕಿಬೀಳುತ್ತಾನೆ.

ಇದು ನಮ್ಮಿಂದ ದೂರದ ವಿಷಯವಲ್ಲ. 2018ರಲ್ಲಿ ಪೋಲೆಂಡ್‌ನಲ್ಲಿ ಮೇರಿ ಕೋಮ್ 48 ಕೆ.ಜಿ. ವಿಭಾಗಕ್ಕಾಗಿ ನಾಲ್ಕು ಗಂಟೆಗಳಲ್ಲಿ ಎರಡು ಕೆ.ಜಿ. ಇಳಿಸಿ ಚಿನ್ನ ಗೆದ್ದ ಸುದ್ದಿಯನ್ನು ನಾವೆಲ್ಲ ಸಾಹಸವೆಂದು ಓದಿದೆವು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ವಿನೇಶ್ ಫೋಗಟ್ 100 ಗ್ರಾಂನಿಂದ ಫೈನಲ್ ಕಳೆದುಕೊಂಡದ್ದನ್ನು ದುರಂತವೆಂದು ಓದಿದೆವು. ಎರಡರ ಹಿಂದೆಯೂ ಇದ್ದದ್ದು ಅದೇ ತಕ್ಕಡಿ. ಕರಾವಳಿಯಲ್ಲಿ 60 ಕೆ.ಜಿ. ವಿಭಾಗದ ಕಬಡ್ಡಿ ಪಂದ್ಯಗಳು ನಡೆಯುತ್ತವೆ. ಕುಸ್ತಿ, ಜೂಡೊ, ಬಾಕ್ಸಿಂಗ್ ಕಲಿಯುವ ಶಾಲಾ ಮಕ್ಕಳೂ ತೂಕ ವಿಭಾಗಗಳಲ್ಲೇ ಆಡುತ್ತಾರೆ. ಮನೆಯಲ್ಲಿ ಅಂತಹ ಮಗುವಿದ್ದು, ಪಂದ್ಯದ ಮುಂಚಿನ ದಿನಗಳಲ್ಲಿ ನೀರು ಬಿಟ್ಟಿದ್ದರೆ, ಮೂತ್ರ ಕಡು ಹಳದಿಯಾಗಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ, ಆ ಸಲ ಮೇಲಿನ ವಿಭಾಗದಲ್ಲಿ ಆಡಿಸಿ, ಇಲ್ಲವೇ ಆಡಿಸಬೇಡಿ. ತಲೆಗೆ ಏಟು ಬಿದ್ದ ಮೇಲೆ "ಮಲಗಿ ಎದ್ದರೆ ಸರಿಹೋಗುತ್ತದೆ" ಎಂಬ ಮಾತನ್ನು ಕೇಳಬೇಡಿ. ಮೊದಲು ಚೆನ್ನಾಗಿಯೇ ಮಾತಾಡಿಕೊಂಡಿದ್ದು, ಗಂಟೆಗಳ ನಂತರ ರಕ್ತಸ್ರಾವದ ಲಕ್ಷಣ ಕಾಣಿಸುವುದುಂಟು. ಹೆಚ್ಚುತ್ತ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಮಂಪರು, ತೊದಲು ಮಾತು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಕಾಯದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.