ಗುಡ್ಡ ಹತ್ತಿದ ಮೊಬೈಲು

2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ಶಾಲೆ ತೆರೆಯಿತು, ಮೊಬೈಲು ಕೈಯಲ್ಲೇ ಉಳಿಯಿತು. ಸಕಲೇಶಪುರ, ಆಲೂರಿನ ತೋಟದ ಕೂಲಿಕಾರರ ಲೈನ್ ಮನೆಗಳಲ್ಲಿ ಅಪ್ಪ-ಅಮ್ಮ ಕಾಫಿ ಕೊಯ್ಲಿಗೆ ಹೋದರೆ ಸಂಜೆಯವರೆಗೆ ಮಗುವಿನ ಜೊತೆಗಿರುವುದು ಅದೊಂದೇ.

ಆ ಮೊಬೈಲಿನಲ್ಲೇ ಅಪರಿಚಿತನೊಬ್ಬ ಫೋಟೊ ಕೇಳಿ ಪಡೆದು, ಆಮೇಲೆ ಅದನ್ನೇ ಹಿಡಿದು ಹೆದರಿಸಿದಾಗ ಮಗು ಬಾಯಿ ಬಿಡುವುದಿಲ್ಲ. ಬೈಗುಳದ ಭಯ, ಮೊಬೈಲು ಕಿತ್ತುಕೊಳ್ಳುತ್ತಾರೆಂಬ ಭಯ. ಮನೆಯವರು ಮೊದಲು ಹೇಳಬೇಕಾದ್ದು, ‘ತಪ್ಪು ನಿಂದಲ್ಲ ಮಗಾ’ ಎಂದು.

ಚಾಟ್ ಅಳಿಸಬಾರದು, ಹಣ ಕೊಡಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಸ್ಕ್ರೀನ್‌ಶಾಟ್ ಸಮೇತ ಠಾಣೆಗೆ ಹೋಗಬಹುದು. ಮಗುವಿನ ಗುರುತು ಬಯಲಾಗದಂತೆ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ರಕ್ಷಣೆಯಿದೆ. ತೋಟಕ್ಕೆ ರಜೆಯಿರುವ ದಿನವೇ ಶಾಲೆಗಳು ಪೋಷಕರನ್ನು ಕರೆದು, ಇದನ್ನೆಲ್ಲ ಕೂಲಿಕಾರರ ಮನೆಮಾತಿನಲ್ಲೂ ತಿಳಿಸಬೇಕು.