ವರ್ತಕರಿಗೆ ಒಗ್ಗುವ ಆಟ: ಟೆನಿಸ್ಸೋ, ಪಿಕಲ್‌ಬಾಲೋ?

ಬೆಳಿಗ್ಗೆ ಒಂಬತ್ತಕ್ಕೆ ಗಲ್ಲೆಯ ಮುಂದೆ ಕುಳಿತ ವರ್ತಕನು ರಾತ್ರಿ ಒಂಬತ್ತಕ್ಕೆ ಏಳುವುದು ಕರ್ನಾಟಕದ ಪೇಟೆಗಳ ವಾಡಿಕೆ. ಸಣ್ಣ ಕೈಗಾರಿಕೋದ್ಯಮಿಯ ದಿನಚರಿಯೂ ಇದಕ್ಕಿಂತ ಹೆಚ್ಚು ಭಿನ್ನವಲ್ಲ. ದೊಡ್ಡ ಕಂಪನಿಯ ಅಧಿಕಾರಿ ಮೂರು ತಿಂಗಳು ಹಾಸಿಗೆ ಹಿಡಿದರೂ ಕಂಪನಿ ನಡೆಯುತ್ತದೆ. ಒಬ್ಬನೇ ಮಾಲೀಕನಿರುವ ಅಂಗಡಿ ಅಥವಾ ಘಟಕದಲ್ಲಿ ಮಾಲೀಕ ಮಲಗಿದರೆ ವಸೂಲಿ ನಿಲ್ಲುತ್ತದೆ, ಗಿರಾಕಿ ಪಕ್ಕದ ಅಂಗಡಿಗೆ ತಿರುಗುತ್ತಾನೆ, ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬರುತ್ತದೆ. ಆದುದರಿಂದ ನಲವತ್ತು ದಾಟಿದ ವರ್ತಕನು ಯಾವ ಆಟವನ್ನು ಕೈಗೆತ್ತಿಕೊಳ್ಳಬೇಕೆಂಬುದು ಕೇವಲ ಬಿಡುವಿನ ವೇಳೆಯ ಪ್ರಶ್ನೆ ಎನ್ನುವಂತಿಲ್ಲ.

ಈಚಿನ ವರ್ಷಗಳಲ್ಲಿ ಈ ಚರ್ಚೆಗೆ ಪಿಕಲ್‌ಬಾಲ್ ಎಂಬ ಹೊಸ ಹೆಸರು ಸೇರಿಕೊಂಡಿದೆ. ಹೆಸರು ಕೇಳಿ ಉಪ್ಪಿನಕಾಯಿಯ ನೆನಪಾಗುವುದು ಸಹಜ. ಆಟ ಮಾತ್ರ ತೀರ ಹೊಸದಲ್ಲ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್, ಬಿಲ್ ಬೆಲ್ ಮತ್ತು ಬಾರ್ನಿ ಮೆಕ್ಯಾಲಮ್ ಎಂಬ ಮೂವರು ಇದನ್ನು ರೂಪಿಸಿದರು. ಭಾರತದಲ್ಲಿ 2008ರಲ್ಲಿ ಸುನಿಲ್ ವಾಲಾವಲ್ಕರ್ ಅವರು ಅಖಿಲ ಭಾರತ ಸಂಘವೊಂದನ್ನು ಸ್ಥಾಪಿಸಿದರು; 2025ರಲ್ಲಿ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ದೊರೆಯಿತು.

ಎರಡೂ ಆಟಗಳ ವ್ಯತ್ಯಾಸವನ್ನು ಅರಿಯಲು ಅಂಕಣದ ಅಳತೆಗಿಂತ ಉತ್ತಮ ಸಾಧನವಿಲ್ಲ. ಟೆನಿಸ್ ಡಬಲ್ಸ್ ಅಂಕಣ 78 ಅಡಿ ಉದ್ದ, 36 ಅಡಿ ಅಗಲ. ನಾಲ್ವರು ಸೇರಿ 2,808 ಚದರ ಅಡಿಯನ್ನು ಕಾಯಬೇಕು. ಪಿಕಲ್‌ಬಾಲ್ ಅಂಕಣ 44 ಅಡಿಗೆ 20 ಅಡಿ, ಅಂದರೆ 880 ಚದರ ಅಡಿ. ಟೆನಿಸ್‌ನಲ್ಲಿ ತಲೆಯ ಮೇಲಿಂದ ಹೊಡೆಯುವ ಸರ್ವ್ ಒಂದನ್ನೇ ತಕ್ಕಮಟ್ಟಿಗೆ ಕಲಿಯಲು ತಿಂಗಳುಗಳು ಬೇಕು. ಅದು ಬರುವವರೆಗೆ ಆಟವೆಂದರೆ ಚೆಂಡು ಹೆಕ್ಕುವ ಕೆಲಸವೇ. ಪಿಕಲ್‌ಬಾಲ್‌ನಲ್ಲಿ ಸರ್ವ್ ಸೊಂಟದ ಮಟ್ಟದಿಂದ ಕೆಳಗೆ. ಸರ್ವ್ ಮತ್ತು ಅದರ ಉತ್ತರ ಎರಡೂ ಒಮ್ಮೆ ನೆಲಕ್ಕೆ ಪುಟಿಯಲೇಬೇಕು. ಬಲೆಯ ಎರಡೂ ಬದಿಯ 7 ಅಡಿ ಜಾಗದಲ್ಲಿ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ. ಈ ನಿಯಮಗಳು ಬಲಿಷ್ಠನ ಹೊಡೆತಕ್ಕೆ ಕಡಿವಾಣ ಹಾಕಿ, ಹೊಸಬನಿಗೂ ನಾಲ್ಕಾರು ಹೊಡೆತಗಳ ಸರಣಿಯನ್ನು ಒದಗಿಸುತ್ತವೆ. ಮೊದಲ ವಾರದಲ್ಲೇ ಆಟದ ರುಚಿ ಹತ್ತುವುದು ಇದರಿಂದಲೇ. ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಬಿಡುವಿಲ್ಲದ ಮನುಷ್ಯನಿಗೆ ಇದು ಸಣ್ಣ ಸಂಗತಿಯಲ್ಲ. ರುಚಿ ಹತ್ತದ ಆಟವನ್ನು ಅವನು ದೀಪಾವಳಿಯ ಹೊತ್ತಿಗೆ ಬಿಟ್ಟಿರುತ್ತಾನೆ.

ಟೆನಿಸ್‌ನ ಪರವಾಗಿ ಹೇಳುವವರು ಕೋಪನ್‌ಹೇಗನ್ ನಗರದ ದೀರ್ಘಕಾಲಿಕ ಹೃದಯ ಅಧ್ಯಯನವನ್ನು ಮುಂದಿಡುತ್ತಾರೆ. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಜಡಜೀವನ ನಡೆಸುವವರಿಗಿಂತ ಟೆನಿಸ್ ಆಡುವವರ ಆಯುಷ್ಯ ಸರಾಸರಿ 9.7 ವರ್ಷ, ಬ್ಯಾಡ್ಮಿಂಟನ್ ಆಡುವವರದು 6.2 ವರ್ಷ ಹೆಚ್ಚು. ಅಂಕಿ ಆಕರ್ಷಕವೇ ಸರಿ. ಆದರೆ ಟೆನಿಸ್ ಆಡುವವನು ಬಹುಪಾಲು ಅನುಕೂಲಸ್ಥನೂ ಆಗಿರುತ್ತಾನೆಂಬುದನ್ನು ವ್ಯಾಪಾರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಯುಷ್ಯ ಹೆಚ್ಚಿದ್ದು ರ್‍ಯಾಕೆಟ್‌ನಿಂದಲೋ ಸ್ಥಿತಿಗತಿಯಿಂದಲೋ ಎಂಬುದನ್ನು ಇಂತಹ ಅಧ್ಯಯನ ಪೂರ್ಣವಾಗಿ ಬೇರ್ಪಡಿಸಲಾರದು. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದುದು ಕನ್ನಡಿಗರೆಲ್ಲರ ಹೆಮ್ಮೆ. ಆದರೆ ಅವರು ಬಾಲ್ಯದಲ್ಲೇ ರ್‍ಯಾಕೆಟ್ ಹಿಡಿದವರು. 43ಕ್ಕೆ ಆರಂಭಿಸುವವನಿಗೆ ಅವರ ಉದಾಹರಣೆ ಸ್ಫೂರ್ತಿಯಾಗಬಹುದು, ಆಧಾರವಾಗಲಾರದು.

ಹಾಗೆಂದು ಪಿಕಲ್‌ಬಾಲ್ ಅಪಾಯರಹಿತವೆಂದು ಭಾವಿಸುವುದು ಸರಿಯಲ್ಲ. ಅಮೆರಿಕದಲ್ಲಿ ಈ ಆಟದ ಗಾಯಗಳ ವೆಚ್ಚವು ಆ ವರ್ಷ 25ರಿಂದ 50 ಕೋಟಿ ಡಾಲರ್ ಆಗಬಹುದೆಂದು ಯುಬಿಎಸ್ ಬ್ಯಾಂಕಿನ ವಿಶ್ಲೇಷಕರು 2023ರಲ್ಲಿ ಅಂದಾಜಿಸಿದ್ದರು. ಸುಲಭವೆಂಬ ಭಾವನೆಯೇ ಇಲ್ಲಿ ಶತ್ರು. ತಲೆಯ ಮೇಲೆ ಹೋಗುವ ಚೆಂಡಿಗಾಗಿ ಹಿಮ್ಮುಖವಾಗಿ ಓಡಿ ಬೀಳುವುದು, ಮೈ ಬಿಸಿ ಮಾಡಿಕೊಳ್ಳದೆ ಅಂಗಡಿಯಿಂದ ನೇರವಾಗಿ ಅಂಕಣಕ್ಕಿಳಿದು ಹಿಮ್ಮಡಿಯ ಸ್ನಾಯು ಹರಿದುಕೊಳ್ಳುವುದು, ಇವೇ ಹೆಚ್ಚು. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡವಿದ್ದವರು ಎರಡರಲ್ಲಿ ಯಾವ ಆಟಕ್ಕೂ ಮುನ್ನ ವೈದ್ಯರನ್ನು ಕಾಣುವುದು ಲೇಸು.

ಮಕ್ಕಳ ವಿಷಯ ಬೇರೆ. ಹತ್ತು ವರ್ಷದ ಮಗುವಿಗೆ ಓಟ, ತಾಳ್ಮೆ, ಏಕಾಂಗಿ ಹೋರಾಟ ಕಲಿಸಲು ಟೆನಿಸ್ಸೇ ಮೇಲು. ಟೆನಿಸ್ ಬಲ್ಲವನು ಮುಂದೆ ಪಿಕಲ್‌ಬಾಲನ್ನು ಬಹುಬೇಗ ಕಲಿಯುತ್ತಾನೆ. ಸುತ್ತಲಿನ ಜಾಗವೂ ಸೇರಿ ಒಂದು ಟೆನಿಸ್ ಅಂಕಣಕ್ಕೆ ಬೇಕಾಗುವ 120ಕ್ಕೆ 60 ಅಡಿಯಲ್ಲಿ ನಾಲ್ಕು ಪಿಕಲ್‌ಬಾಲ್ ಅಂಕಣ ಹಿಡಿಯುತ್ತವೆಂಬ ಲೆಕ್ಕ ಹಿಡಿದು, ಇದ್ದ ಟೆನಿಸ್ ಅಂಕಣವನ್ನೇ ಅಳಿಸಲು ಹೊರಡುವ ಕ್ಲಬ್‌ಗಳು ಈ ಅಂಶವನ್ನು ಗಮನಿಸಬೇಕು.

ಇದೇ ಲೆಕ್ಕವು ಹಲವು ಉದ್ಯಮಿಗಳ ಕಣ್ಣನ್ನು ಖಾಲಿ ಗೋದಾಮಿನತ್ತ ತಿರುಗಿಸಿದೆ. ನಾಲ್ವರ ಬದಲು ಹದಿನಾರು ಮಂದಿಯಿಂದ ಬಾಡಿಗೆ ಎಂಬುದು ಕಾಗದದ ಮೇಲೆ ಸೊಗಸು. ಆದರೆ ಬೇಡಿಕೆ ಇರುವುದು ಮುಂಜಾನೆ ಮತ್ತು ಸಂಜೆ. ನಡುಹಗಲು ಅಂಕಣ ಖಾಲಿ. ಪ್ರವೇಶ ಸುಲಭವಾದ ಉದ್ಯಮದಲ್ಲಿ ಲಾಭ ಬಹುಕಾಲ ನಿಲ್ಲದೆಂಬುದನ್ನು ಎಸ್‌ಟಿಡಿ ಬೂತ್ ಮತ್ತು ಸೈಬರ್ ಕೆಫೆಗಳನ್ನು ಕಂಡ ಪೀಳಿಗೆ ಬಲ್ಲದು. ಗಟ್ಟಿ ಪ್ಲಾಸ್ಟಿಕ್ ಚೆಂಡಿನ ಟಪಟಪ ಸದ್ದಿನ ವಿರುದ್ಧ ಅಮೆರಿಕದ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದ್ದಾರೆ. ಇಲ್ಲಿಯೂ 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಕೆಲಸದ ಬಂಡವಾಳವನ್ನು ಇದಕ್ಕೆ ತೊಡಗಿಸುವುದು ವಿವೇಕವಲ್ಲ. ಪ್ಯಾಡಲ್ ತಯಾರಿಕೆಯತ್ತ ನೋಡುವುದು ಇದಕ್ಕಿಂತ ಮೇಲು: ಪಾಲಿಪ್ರೊಪಿಲೀನ್ ಜೇನುಗೂಡಿನ ತಿರುಳು, ಮೇಲೆ ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಹೊದಿಕೆ; ಕಾಂಪೋಸಿಟ್ ಕೆಲಸ ಬಲ್ಲ ಘಟಕಕ್ಕೆ ಅಸಾಧ್ಯವಲ್ಲ. ಎದುರಾಳಿಗಳು ಜಲಂಧರ್ ಮತ್ತು ಮೀರತ್‌ನ ಪಳಗಿದ ತಯಾರಕರು ಎಂಬ ಎಚ್ಚರವಿರಲಿ. 2025ರ ಸೆಪ್ಟೆಂಬರ್ 22ರಿಂದ ಕ್ರೀಡಾ ಸಾಮಗ್ರಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿರುವುದು ಇಬ್ಬರಿಗೂ ಸಮಾನ ಅನುಕೂಲ.

ಆಡಿ ನೋಡಬಯಸುವವರು ಹೊಸ ಅಂಕಣಕ್ಕಾಗಿ ಕಾಯಬೇಕಾಗಿಲ್ಲ. ಬ್ಯಾಡ್ಮಿಂಟನ್ ಡಬಲ್ಸ್ ಅಂಕಣದ ಅಳತೆಯೂ 44ಕ್ಕೆ 20 ಅಡಿಯೇ. ಬಲೆಯನ್ನು ನಡುವೆ 34 ಅಂಗುಲಕ್ಕೆ ಇಳಿಸಿ, ನಾಲ್ಕು ಸಾಧಾರಣ ಪ್ಯಾಡಲ್‌ಗಳನ್ನು ನಾಲ್ವರು ಹಂಚಿಕೊಂಡು ಕೊಂಡರೆ ಸಾಕು. ಹೆಚ್ಚಿನ ಹಣವನ್ನು ಪ್ಯಾಡಲ್‌ಗಿಂತ ಮೊದಲು ಬೂಟಿಗೆ ವ್ಯಯಿಸಬೇಕು. ನಡಿಗೆಯ ಬೂಟು ಪಕ್ಕಕ್ಕೆ ಜಿಗಿಯುವ ಪಾದವನ್ನು ಹಿಡಿದು ನಿಲ್ಲಿಸಲಾರದು.